ಮಾವನ ಹೆಸರಿನ ಜೊತೆ ಪದಕದ ಅಕ್ಷರಗಳಿಲ್ಲವೇಕೆ?

ಪ್ರಶ್ನೆ: ನಮ್ಮದು ಅಂಕೋಲಾ ತಾಲ್ಲೂಕು. ನನ್ನ ಸೋದರಮಾವ 1967ರಲ್ಲಿ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಸೇರಿ ನೌಕಾಪಡೆಯ ಅಧಿಕಾರಿಯಾದರು. 90ರ ದಶಕದ ಮಧ್ಯದಲ್ಲಿ ಕಮಾಂಡರ್ ಆಗಿದ್ದಾಗ ಸ್ವಇಚ್ಛೆಯಿಂದ ನಿವೃತ್ತಿ ಪಡೆದರು. ಕಳೆದ ವರ್ಷ ತೀರಿಕೊಂಡರು. ಅವರು ಓದಿದ ಶಾಲೆಯಲ್ಲಿ ಒಂದು ಫಲಕ ಹಾಕಿಸಬೇಕೆಂದಿದ್ದೇವೆ. ಅವರ ಟ್ರಂಕಿನಲ್ಲಿ ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್, ವಿದೇಶ ಸೇವಾ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್, 9 ಮತ್ತು 20 ವರ್ಷಗಳ ದೀರ್ಘ ಸೇವಾ ಪದಕಗಳು ಸಿಕ್ಕಿವೆ. ಹಿಂದೆ '1987' ಎಂದು ಬರೆದಿರುವ ಒಂದು ಫೋಟೊದಲ್ಲಿ ಹೆಗಲ ಮೇಲೆ ಮೂರು ಚಿನ್ನದ ಪಟ್ಟಿಗಳಿವೆ. ಹಡಗಿನ ಸಿಬ್ಬಂದಿಯ ನಡುವೆ ಕುಳಿತಿದ್ದಾರೆ. ಇವನ್ನೆಲ್ಲ ನೋಡಿದ ನೆಂಟರೊಬ್ಬರು, "ಇವೆಲ್ಲ ಹಾಜರಿಗೆ ಕೊಡುವ ಪದಕಗಳು. ಪೇಪರಿನಲ್ಲಿ ಬರುವ ಅಡ್ಮಿರಲ್‌ಗಳ ಹೆಸರಿನ ಜೊತೆ ಪಿವಿಎಸ್‌ಎಂ, ಎವಿಎಸ್‌ಎಂ ಎಂದಿರುತ್ತದೆ. ಇವರಿಗೆ ಒಂದೂ ಇಲ್ಲ, ಅಂದರೆ ಹಿಂದೆ ಬಿದ್ದವರು" ಎಂದುಬಿಟ್ಟರು. ಅತ್ತೆಗೆ ಬಹಳ ನೋವಾಗಿದೆ. ಇನ್ನೊಂದು ಮಾತು: ನನ್ನ ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ, ನೌಕಾಪಡೆಗೇ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ವಶೀಲಿ ಇಲ್ಲದವರು ಕಮಾಂಡರ್‌ಗೇ ನಿಲ್ಲುತ್ತಾರೆ ಎನ್ನುತ್ತಾರಲ್ಲ, ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಮಾವನವರ ಸೇವೆಯನ್ನು ಹೇಗೆ ಅಳೆಯಬೇಕು ಎಂಬುದು ಒಂದು, ಅದೇ ದಾರಿಗೆ ಮಗಳನ್ನು ಕಳುಹಿಸಬಹುದೇ ಎಂಬುದು ಇನ್ನೊಂದು. ನಾನು ನೌಕಾಪಡೆಯಲ್ಲಿ ಹಡಗಿನ ಕೆಲಸದ ಜೊತೆಗೆ ಬಡ್ತಿ ಮತ್ತು ಪದಕಗಳ ಕಡತಗಳನ್ನೂ ನೋಡಿಕೊಂಡವನು. ಆ ಅನುಭವದ ಮೇಲೆ ಮೊದಲೇ ಹೇಳುತ್ತೇನೆ: ನಿಮ್ಮ ನೆಂಟರು ಪದಕಗಳನ್ನು ತಲೆಕೆಳಗಾಗಿ ಓದಿದ್ದಾರೆ. ಅತ್ತೆಯವರಿಗೆ ಇದನ್ನು ಇಂದೇ ಓದಿ ಹೇಳಿ.

ಅಡ್ಮಿರಲ್‌ಗಳ ಹೆಸರಿನ ಜೊತೆ ಬರುವ ಆ ಅಕ್ಷರಗಳಿಂದಲೇ ಶುರು ಮಾಡೋಣ. ಪಿವಿಎಸ್‌ಎಂ ಎಂದರೆ ಪರಮ ವಿಶಿಷ್ಟ ಸೇವಾ ಪದಕ, ಎವಿಎಸ್‌ಎಂ ಎಂದರೆ ಅತಿ ವಿಶಿಷ್ಟ ಸೇವಾ ಪದಕ, ವಿಎಸ್‌ಎಂ ಎಂದರೆ ವಿಶಿಷ್ಟ ಸೇವಾ ಪದಕ. 1960ರಲ್ಲಿ ಇವು ಒಂದೇ ಪದಕದ ಮೂರು ದರ್ಜೆಗಳಾಗಿ ಆರಂಭವಾದವು, 1967ರಲ್ಲಿ ಈಗಿನ ಹೆಸರು ಪಡೆದವು. ಸಮವಸ್ತ್ರದ ಮೇಲೂ ಗುರುತಿಸಬಹುದು. ಚಿನ್ನದ ಬಣ್ಣದ ರಿಬ್ಬನ್ನಿನ ಮೇಲೆ ಕಡುನೀಲಿ ಗೆರೆ ಒಂದೇ ಇದ್ದರೆ ಪರಮ, ಎರಡಿದ್ದರೆ ಅತಿ ವಿಶಿಷ್ಟ, ಮೂರಿದ್ದರೆ ವಿಶಿಷ್ಟ. ಗೆರೆ ಕಡಿಮೆಯಾದಷ್ಟೂ ಪದಕ ದೊಡ್ಡದು. ಈ ಮೂರೂ ಉತ್ತಮ ಸೇವೆಗೆ ಸಿಗುವಂಥವು. ಇವುಗಳಲ್ಲಿ ಯಾವುದಕ್ಕೂ ಶತ್ರುವಿನ ಎದುರು ನಿಂತಿರಬೇಕೆಂಬ ಷರತ್ತಿಲ್ಲ. ಶೌರ್ಯಕ್ಕಿರುವ ಸಾಲೇ ಬೇರೆ: ಯುದ್ಧಭೂಮಿಯಲ್ಲಿ ಪರಮವೀರ, ಮಹಾವೀರ ಮತ್ತು ವೀರ ಚಕ್ರ, ಶತ್ರು ಎದುರಿಲ್ಲದ ಸಂದರ್ಭಗಳಲ್ಲಿ ಅಶೋಕ, ಕೀರ್ತಿ ಮತ್ತು ಶೌರ್ಯ ಚಕ್ರ. ಒಬ್ಬಂಟಿಯಾಗಿ ಎಲ್ಲಿಯೂ ನಿಲ್ಲದೆ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಅಭಿಲಾಷ್ ಟೋಮಿಯವರಿಗೆ ಕೀರ್ತಿ ಚಕ್ರ ಬಂದದ್ದು ಈ ಎರಡನೆಯ ಸಾಲಿನಲ್ಲಿ. ಸಂಘರ್ಷದ ಹೊತ್ತಿನ ಉತ್ತಮ ಸೇವೆಗೆಂದು 1980ರಲ್ಲಿ ಸರ್ವೋತ್ತಮ, ಉತ್ತಮ ಮತ್ತು ಯುದ್ಧ ಸೇವಾ ಪದಕಗಳು ಬಂದವು. ಇನ್ನು ನೌಸೇನಾ ಪದಕ ಶೌರ್ಯಕ್ಕೂ ಸಿಗುತ್ತದೆ, ಕರ್ತವ್ಯನಿಷ್ಠೆಗೂ ಸಿಗುತ್ತದೆ. ಯಾವುದಕ್ಕೆ ಎಂಬುದು ಅಕ್ಷರಗಳಲ್ಲಿ ಕಾಣುವುದಿಲ್ಲ, ಪ್ರಶಸ್ತಿ ಪತ್ರವನ್ನೇ ನೋಡಬೇಕು.

ಒಂದು ಹೆಸರನ್ನು ಬಿಡಿಸಿ ನೋಡಿ. 2012ರಿಂದ 2014ರವರೆಗೆ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಡಿ.ಕೆ. ಜೋಶಿಯವರ ಹೆಸರಿನ ಜೊತೆ ಪಿವಿಎಸ್‌ಎಂ, ಎವಿಎಸ್‌ಎಂ, ವೈಎಸ್‌ಎಂ, ಎನ್‌ಎಂ, ವಿಎಸ್‌ಎಂ ಎಂದು ಐದು ಗುರುತುಗಳಿವೆ. ಮೂರು ವಿಶಿಷ್ಟ ಸೇವೆಯ ಸಾಲಿನವು, ಒಂದು ಯುದ್ಧ ಸೇವಾ ಪದಕ, ಒಂದು ನೌಸೇನಾ ಪದಕ. ಆದರೆ ನಮ್ಮಂಥವರು ಅವರನ್ನು ನೆನೆಯುವುದು ಬೇರೆ ಕಾರಣಕ್ಕೆ. 2014ರ ಫೆಬ್ರುವರಿ 26ರಂದು ಸಿಂಧುರತ್ನ ಜಲಾಂತರ್ಗಾಮಿಯಲ್ಲಿ ಅವಘಡವಾದಾಗ, ನೈತಿಕ ಹೊಣೆ ಹೊತ್ತು ಅವರು ಅದೇ ದಿನ ಹುದ್ದೆ ಬಿಟ್ಟರು. ಅಂಥ ನಡೆಗೆ ಯಾವ ಪದಕವೂ ಇಲ್ಲ, ಯಾವ ಅಕ್ಷರವೂ ಇಲ್ಲ. ಒಬ್ಬ ಅಧಿಕಾರಿಯ ಬದುಕಿನ ಬಹುಭಾಗ ಈ ಸಂಕ್ಷಿಪ್ತಾಕ್ಷರಗಳ ಹೊರಗೇ ಇರುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಪದಕಗಳ ಅಗ್ರಕ್ರಮವನ್ನೇ ಶೌರ್ಯದ ಅಳತೆಗೋಲು ಎಂದು ತಿಳಿಯುವುದು ಇನ್ನೊಂದು ತಪ್ಪು. ಸರ್ಕಾರದ ಪಟ್ಟಿಯಲ್ಲಿ ಪರಮವೀರ ಚಕ್ರದ ಸ್ಥಾನ ಬಹಳ ಮೇಲೆ, ಭಾರತರತ್ನದ ನಂತರವೇ ಬರುತ್ತದೆ. ಕೆಳಗಿಳಿದಂತೆ ಪರಮ ವಿಶಿಷ್ಟ ಸೇವಾ ಪದಕ ಮಹಾವೀರ ಚಕ್ರಕ್ಕಿಂತ ಮೇಲಿದೆ. ಅತಿ ವಿಶಿಷ್ಟ ಸೇವಾ ಪದಕ ವೀರ ಚಕ್ರಕ್ಕಿಂತ ಮೇಲಿದೆ. ಕಚೇರಿಯ ಮೇಜಿನಲ್ಲಿ ಕುಳಿತು ದೊಡ್ಡ ಯೋಜನೆಯೊಂದನ್ನು ದಡ ಸೇರಿಸಿದವರ ಪದಕವು, ಗುಂಡಿನ ಮಳೆಯಲ್ಲಿ ಹಡಗು ನಡೆಸಿದವರ ಪದಕಕ್ಕಿಂತ ಎದೆಯ ಮಧ್ಯಕ್ಕೆ ಹತ್ತಿರ ಕೂರಬಹುದು. ಇದರಲ್ಲಿ ಅನ್ಯಾಯವೇನಿಲ್ಲ, ಕ್ರಮ ಇರುವುದು ಶಿಷ್ಟಾಚಾರಕ್ಕೆ. ಅದನ್ನು ಧೈರ್ಯದ ಅಂಕಪಟ್ಟಿ ಎಂದು ಓದಿದವರದು ತಪ್ಪು.

ಪಿವಿಎಸ್‌ಎಂ ಹೆಚ್ಚಾಗಿ ವೈಸ್ ಅಡ್ಮಿರಲ್‌ಗಳಿಗೇ ಏಕೆ ಸಿಗುತ್ತದೆ? ನಿಯಮದಲ್ಲಿ ಎಲ್ಲ ದರ್ಜೆಗೂ ಅವಕಾಶವಿದೆ. ಆಚರಣೆಯಲ್ಲಿ ಮಾತ್ರ ಪರಮ ಎನ್ನುವುದು ಮೂರು ನಕ್ಷತ್ರದವರ, ಅಂದರೆ ವೈಸ್ ಅಡ್ಮಿರಲ್‌ಗಳ ಸುತ್ತ, ಅತಿ ವಿಶಿಷ್ಟ ಎನ್ನುವುದು ರಿಯರ್ ಅಡ್ಮಿರಲ್‌ಗಳ ಸುತ್ತ, ವಿಶಿಷ್ಟ ಎನ್ನುವುದು ಕ್ಯಾಪ್ಟನ್ ಮತ್ತು ಕಮಡೋರ್‌ಗಳ ಸುತ್ತ ಸುಳಿಯುತ್ತದೆ. ಶಿಫಾರಸು ಹೊರಡುವುದು ಘಟಕದಿಂದ. ಮೇಲಧಿಕಾರಿ ಪ್ರಶಸ್ತಿ ಪತ್ರದ ಕರಡು ಬರೆಯುತ್ತಾರೆ, ಅದು ಕಮಾಂಡ್ ದಾಟಿ ದೆಹಲಿಯ ನೌಕಾ ಪ್ರಧಾನ ಕಚೇರಿಗೆ, ಅಲ್ಲಿಂದ ರಕ್ಷಣಾ ಸಚಿವಾಲಯಕ್ಕೆ, ಕೊನೆಗೆ ರಾಷ್ಟ್ರಪತಿಗಳ ಒಪ್ಪಿಗೆಗೆ ಹೋಗುತ್ತದೆ. ವಿಶಿಷ್ಟ ಸೇವೆಯ ಪಟ್ಟಿ ಗಣರಾಜ್ಯೋತ್ಸವಕ್ಕೆ ಪ್ರಕಟವಾಗುತ್ತದೆ. ವರ್ಷಕ್ಕೆ ಕೊಡುವ ಸಂಖ್ಯೆ ಸೀಮಿತ. ಹಾಗಾಗಿ ಯೋಗ್ಯತೆಯ ಜೊತೆಗೆ ಹುದ್ದೆ, ಸಮಯ, ಮೇಲಧಿಕಾರಿ ಎಷ್ಟು ಮನಸ್ಸಿಟ್ಟು ಬರೆದರು ಎಂಬುದೂ ಲೆಕ್ಕಕ್ಕೆ ಬರುತ್ತವೆ. ಎರಡೇ ಸಾಲು ನೀರಸವಾಗಿ ಬರೆದದ್ದರಿಂದ ಒಳ್ಳೆಯ ಅಧಿಕಾರಿಯ ಕಡತ ಹಿಂದೆ ಉಳಿದದ್ದನ್ನು ನಾನು ನೋಡಿದ್ದೇನೆ. ಪಿವಿಎಸ್‌ಎಂ ಇಲ್ಲದ ಕಮಾಂಡರ್ ಎಂದರೆ ಅವರು ಅಡ್ಮಿರಲ್ ಆಗಿರಲಿಲ್ಲ ಎಂದಷ್ಟೇ ಅರ್ಥ. ಅದು ನಿಮಗೆ ಮೊದಲೇ ಗೊತ್ತಿತ್ತು.

ಈಗ ಟ್ರಂಕಿಗೆ ಬರೋಣ. ಪದಕಗಳ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಸಾಮಾನ್ಯವಾಗಿ ಅಲ್ಲಿ ಹೆಸರು ಮತ್ತು ದರ್ಜೆ ಕೆತ್ತಿರುತ್ತದೆ. ದಯವಿಟ್ಟು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಹೊಳಪು ಬರುತ್ತದೆ, ಅಕ್ಷರ ಹೋಗುತ್ತದೆ. ಒಣ ಹತ್ತಿ ಬಟ್ಟೆ ಸಾಕು. ಕರಾವಳಿಯ ತೇವಕ್ಕೆ ರಿಬ್ಬನ್ ಬೇಗ ಹಾಳಾಗುತ್ತದೆ. ಹೊಸ ರಿಬ್ಬನ್ ಹಾಕಿಸಬಹುದು, ಆದರೆ ಹಳೆಯದನ್ನು ಎಸೆಯಬೇಡಿ.

ಆ ಸಾಲಿನಲ್ಲಿ ನನ್ನ ಕಣ್ಣು ನಿಂತದ್ದು ಪೂರ್ವಿ ಸ್ಟಾರ್ ಮೇಲೆ. ಸಂಗ್ರಾಮ್ ಮೆಡಲ್ 1971ರ ಭಾರತ–ಪಾಕಿಸ್ತಾನ ಸಂಘರ್ಷದ ಅವಧಿಯಲ್ಲಿ ಸೇವೆಯಲ್ಲಿದ್ದ ಬಹಳಷ್ಟು ಮಂದಿಗೆ ಸಿಕ್ಕಿತು. ಪೂರ್ವಿ ಸ್ಟಾರ್ ಹಾಗಲ್ಲ, ಅದು ಪೂರ್ವ ರಂಗದ, ಅಂದರೆ ಇಂದಿನ ಬಾಂಗ್ಲಾದೇಶದ ಕಡೆಯ ಕಾರ್ಯಾಚರಣೆಯ ಪ್ರದೇಶದಲ್ಲಿದ್ದವರಿಗೆ. ಮಾವ 1967ರಲ್ಲಿ ಅಕಾಡೆಮಿ ಸೇರಿದ್ದರೆ, 1971ರ ಡಿಸೆಂಬರ್ ಹೊತ್ತಿಗೆ ಇಪ್ಪತ್ತರ ಆಸುಪಾಸಿನ ಎಳೆಯ ಅಧಿಕಾರಿ, ಬಹುಶಃ ಮಿಡ್‌ಶಿಪ್‌ಮನ್ ಅಥವಾ ಸಬ್ ಲೆಫ್ಟಿನೆಂಟ್. ಆಗ ಬಂಗಾಳ ಕೊಲ್ಲಿಯಲ್ಲಿ ನಡೆಯುತ್ತಿದ್ದದ್ದೇನು? ಬಿರುಕುಬಿಟ್ಟ ಒಂದು ಬಾಯ್ಲರ್ ಇಟ್ಟುಕೊಂಡೇ ವಿಮಾನವಾಹಕ ನೌಕೆ ವಿಕ್ರಾಂತ್ ಸಮುದ್ರಕ್ಕಿಳಿದಿತ್ತು. ಡಿಸೆಂಬರ್ 4ರಿಂದ ಅದರ ಸೀಹಾಕ್ ಮತ್ತು ಅಲಿಝೆ ವಿಮಾನಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ಎರಗಿದವು, ಜೊತೆಯ ಹಡಗುಗಳು ಸಮುದ್ರದ ದಾರಿ ಮುಚ್ಚಿದವು. ಆ ಹಡಗುಗಳಲ್ಲಿ ಒಂದಾದ ಬಿಯಾಸ್ ಅನ್ನು ನಡೆಸಿದ ಎಲ್. ರಾಮದಾಸ್ ಅವರಿಗೆ ವೀರ ಚಕ್ರ ಬಂತು, ಮುಂದೆ 1990ರಲ್ಲಿ ನೌಕಾಪಡೆಯ ಮುಖ್ಯಸ್ಥರಾದರು. ನಿಮ್ಮ ಮಾವ ಯಾವ ಹಡಗಿನಲ್ಲಿದ್ದರೋ, ದಡದ ಯಾವ ನೆಲೆಯಲ್ಲಿದ್ದರೋ ದಾಖಲೆ ಹೇಳಬೇಕು. ಆದರೆ ಆ ಯುದ್ಧದ ಪ್ರದೇಶದಲ್ಲಿ ಅವರಿದ್ದರು ಎಂಬುದನ್ನು ಆ ನಕ್ಷತ್ರ ಈಗಲೇ ಹೇಳುತ್ತಿದೆ. ನೆಂಟರು "ಹಾಜರಿಯ ಪದಕ" ಎಂದದ್ದು ಒಂದು ಅರ್ಥದಲ್ಲಿ ಸರಿ. ಆ ಹಾಜರಿ ಯುದ್ಧಕ್ಕೆ ಹಾಕಿದ್ದು. ಅಕ್ಷರಗಳಿಲ್ಲದಿರುವುದಕ್ಕೂ ಕಾರಣ ಸರಳ: ಯುದ್ಧದಲ್ಲಿ ಭಾಗವಹಿಸಿದ್ದಕ್ಕೆ ಕೊಡುವ ಸ್ಟಾರ್, ಮೆಡಲ್ ಮತ್ತು ದೀರ್ಘ ಸೇವೆಯ ಪದಕಗಳಿಗೆ ಹೆಸರಿನ ಜೊತೆ ಅಕ್ಷರ ಬರೆಯುವ ಪದ್ಧತಿಯೇ ಇಲ್ಲ.

ವಿದೇಶ ಸೇವಾ ಮೆಡಲ್‌ನ ರಿಬ್ಬನ್ ಮೇಲೆ ಅಡ್ಡಲಾಗಿ ಸಣ್ಣ ಲೋಹದ ಪಟ್ಟಿ ಇದೆಯೇ ನೋಡಿ. ಇದ್ದರೆ ಅದರಲ್ಲಿ ದೇಶದ ಹೆಸರಿರುತ್ತದೆ.

ಆ ಫೋಟೊ ಇನ್ನೂ ಮುಖ್ಯ. ಮೂರು ಚಿನ್ನದ ಪಟ್ಟಿ ಎಂದರೆ ಕಮಾಂಡರ್. ಇಂದು ಅಧಿಕಾರಿಯಾದವರು 13 ವರ್ಷ ಪೂರೈಸಿ ಅಗತ್ಯ ಅರ್ಹತೆ ಪಡೆದರೆ ಕಮಾಂಡರ್ ಆಗುತ್ತಾರೆ. ಈ ವ್ಯವಸ್ಥೆ ಬಂದದ್ದು 2004ರ ಡಿಸೆಂಬರ್‌ನಲ್ಲಿ, ಅಜಯ್ ವಿಕ್ರಮ್ ಸಿಂಗ್ ಸಮಿತಿಯ ಶಿಫಾರಸಿನ ಮೇಲೆ. ಅದಕ್ಕೆ ಮೊದಲು ಕಮಾಂಡರ್ ಎಂಬುದು ಆಯ್ಕೆಯ ಹುದ್ದೆ, ಮಂಡಳಿ ಕುಳಿತು ಆರಿಸಬೇಕಿತ್ತು. ಆಯ್ಕೆಯಾಗದವರು ಇಪ್ಪತ್ತು ವರ್ಷಕ್ಕೂ ಮೀರಿದ ಸೇವೆಯ ನಂತರ ಕಾಲಾನುಕ್ರಮದಲ್ಲಿ ಆ ದರ್ಜೆ ಪಡೆಯುತ್ತಿದ್ದರು. 1987ರಲ್ಲಿ ಮಾವನವರಿಗೆ ಅಧಿಕಾರಿಯಾಗಿ ಹದಿನಾರು ವರ್ಷವಾಗಿತ್ತೇನೋ. ಅಷ್ಟರಲ್ಲೇ ಮೂರು ಪಟ್ಟಿ ಇದ್ದರೆ ಅವರು ಆಯ್ಕೆಯಾಗಿಯೇ ಮೇಲೇರಿದವರು. ಸಿಬ್ಬಂದಿಯ ನಡುವೆ ಮೊದಲ ಸಾಲಿನ ಮಧ್ಯದ ಕುರ್ಚಿಯಲ್ಲಿ ಕುಳಿತಿದ್ದರೆ, ಹಡಗೊಂದರ ಹೊಣೆಯೇ ಅವರ ಮೇಲಿದ್ದಿರಬಹುದು. ಹೊರಗಿನವರು ಇಂದಿನ ಕಣ್ಣಿನಿಂದ "ಬರೀ ಕಮಾಂಡರ್" ಎನ್ನುವಾಗ ಈ ವ್ಯತ್ಯಾಸ ಕಳೆದುಹೋಗುತ್ತದೆ. ಹಳೆಯ ತಲೆಮಾರಿನ ಎಷ್ಟೋ ಅಧಿಕಾರಿಗಳ ಮನೆಯವರು ಇದನ್ನು ತಿಳಿಯದೆ ಸುಮ್ಮನೆ ತಲೆ ತಗ್ಗಿಸುತ್ತಾರೆ, ಅದು ನನಗೆ ನಿಜಕ್ಕೂ ಸಂಕಟದ ವಿಷಯ.

ಕಮಾಂಡರ್ ದರ್ಜೆ ಸಣ್ಣದಲ್ಲ ಎಂಬುದಕ್ಕೆ 1971ರ ಕರಾಚಿ ದಾಳಿಯನ್ನೂ ನೆನಪಿಸಿಕೊಳ್ಳಿ. ಡಿಸೆಂಬರ್ 4ರ ಆ ರಾತ್ರಿಯ ನೆನಪಿಗೇ ನಾವು ನೌಕಾಪಡೆಯ ದಿನ ಆಚರಿಸುವುದು. ಕ್ಷಿಪಣಿ ದೋಣಿಗಳ ತುಕಡಿಯನ್ನು ನಡೆಸಿದ ಬಬ್ರು ಭಾನ್ ಯಾದವ್ ಆಗ ಕಮಾಂಡರ್. ಕಿಲ್ಟನ್ ಹಡಗಿನಲ್ಲಿದ್ದ ಕಾಸರಗೋಡು ಪಟ್ಟಣಶೆಟ್ಟಿ ಗೋಪಾಲ ರಾವ್ ಕೂಡ ಕಮಾಂಡರ್. ಇಬ್ಬರಿಗೂ ಮಹಾವೀರ ಚಕ್ರ. ನಿಪತ್, ನಿರ್ಘಾತ್, ವೀರ್ ಎಂಬ ದೋಣಿಗಳನ್ನು ನಡೆಸಿದವರು ಇನ್ನೂ ಕೆಳಗಿನ ಲೆಫ್ಟಿನೆಂಟ್ ಕಮಾಂಡರ್‌ಗಳು.

ಹಾಗಾದರೆ ಅಡ್ಮಿರಲ್ ಆಗುವವರು ಯಾರು, ವಶೀಲಿಯ ಮಾತೇನು? ಮೇಲೇರಿದಂತೆ ಕುರ್ಚಿಗಳು ಕಡಿಮೆ, ಇದೇ ಮೊದಲ ಕಾರಣ. ಇಂದು ನಿಜವಾದ ಜರಡಿ ಕ್ಯಾಪ್ಟನ್ ಹುದ್ದೆಯಿಂದ ಶುರುವಾಗುತ್ತದೆ, ನಂತರ ಕಮಡೋರ್, ರಿಯರ್ ಅಡ್ಮಿರಲ್, ವೈಸ್ ಅಡ್ಮಿರಲ್. ಮಂಡಳಿಯ ಮುಂದೆ ವರ್ಷಗಳ ಗೌಪ್ಯ ವರದಿಗಳಿರುತ್ತವೆ. ಒಂದೊಂದು ವರದಿಯನ್ನೂ ಒಬ್ಬರು ಬರೆದು, ಅವರ ಮೇಲಿನವರು ಪರಿಶೀಲಿಸಿರುತ್ತಾರೆ. ಹಲವು ಬಂದರು, ಹಲವು ಮೇಲಧಿಕಾರಿಗಳ ಕೈದಾಟಿ ಬಂದ ಆ ಕಂತೆಯನ್ನು ಒಬ್ಬರ ಪ್ರಭಾವದಿಂದ ತಿರುಚುವುದು ಕಷ್ಟ. ಹಡಗು ನಡೆಸುವವರ ಕಾರ್ಯನಿರ್ವಾಹಕ (ಎಕ್ಸಿಕ್ಯೂಟಿವ್) ಶಾಖೆಯಲ್ಲಿ ಸಮುದ್ರದ ಅನುಭವವಿಲ್ಲದೆ ಮೇಲಕ್ಕೆ ಹೋಗುವುದು ಬಹುತೇಕ ಆಗದ ಮಾತು, ಆದರೆ ಹಡಗುಗಳು ಎಷ್ಟಿವೆಯೋ ಅಷ್ಟೇ ಅವಕಾಶ. ಆರೋಗ್ಯದ ದರ್ಜೆ ಇಳಿದು ಸಮುದ್ರ ಸೇವೆ ತಪ್ಪಿದರೆ ದಾರಿ ಕಿರಿದಾಗುತ್ತದೆ. ವಯಸ್ಸಿನ ಲೆಕ್ಕ ಇನ್ನೂ ಕಠಿಣ: ರಿಯರ್ ಅಡ್ಮಿರಲ್ 58ಕ್ಕೆ, ವೈಸ್ ಅಡ್ಮಿರಲ್ 60ಕ್ಕೆ ನಿವೃತ್ತಿ. ಕುರ್ಚಿ ತೆರವಾಗುವುದು ಕೆಲವು ತಿಂಗಳು ತಡವಾದರೆ ಎಲ್ಲ ಅರ್ಹತೆಯಿದ್ದವರೂ ಮನೆಗೆ ಹೋಗಬೇಕಾಗುತ್ತದೆ. ಅತ್ಯುನ್ನತ ಹುದ್ದೆಯನ್ನು ಸರ್ಕಾರ ನಿರ್ಧರಿಸುತ್ತದೆ, ಅಲ್ಲಿ ಹಿರಿತನವೊಂದೇ ಮಾನದಂಡವಲ್ಲ. 2014 ಮತ್ತು 2019ರಲ್ಲಿ ಅತಿ ಹಿರಿಯರನ್ನು ಬಿಟ್ಟು ಬೇರೆಯವರು ಮುಖ್ಯಸ್ಥರಾದರು.

ವ್ಯವಸ್ಥೆ ದೋಷರಹಿತ ಎಂದು ನಾನು ಹೇಳಲಾರೆ. ಮಂಡಳಿಗೆ ಮುಂಚಿನ ವರ್ಷದ ಒಂದು ಸಾಧಾರಣ ವರದಿ ಭಾರಿ ಬೆಲೆ ತೆರುವಂತೆ ಮಾಡಬಹುದು. ಅನ್ಯಾಯವಾಯಿತು ಎನಿಸಿದರೆ ಇಲಾಖೆಯೊಳಗೆ ಅಹವಾಲು ಸಲ್ಲಿಸಬಹುದು, ಅಲ್ಲಿ ಬಗೆಹರಿಯದಿದ್ದರೆ 2007ರ ಕಾಯ್ದೆಯಂತೆ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಅದರಲ್ಲಿ ಗೆದ್ದವರಿದ್ದಾರೆ. ಆದರೆ ಪ್ರಕರಣ ಮುಗಿಯುವಷ್ಟರಲ್ಲಿ ಸಹಪಾಠಿಗಳು ಮುಂದೆ ಹೋಗಿರುತ್ತಾರೆ, ಇದನ್ನೂ ಮುಚ್ಚಿಡಬಾರದು.

ಫಲಕದ ವಿಷಯ. ಹೆಸರಿನ ಮುಂದೆ "ಕಮಾಂಡರ್", ನಂತರ "(ನಿವೃತ್ತ), ಭಾರತೀಯ ನೌಕಾಪಡೆ", ಕೆಳಗೆ ಸೇವೆಯ ವರ್ಷಗಳು, ಅದರ ಕೆಳಗೆ "1971ರ ಯುದ್ಧ – ಪೂರ್ವಿ ಸ್ಟಾರ್". ಇಷ್ಟು ಸಾಕು. ಅಭಿಮಾನಕ್ಕೆ "ವೀರ ಪದಕ ಪುರಸ್ಕೃತ" ಎಂದು ಸೇರಿಸುವ ಆಸೆ ಬರುತ್ತದೆ, ಸೇರಿಸಬೇಡಿ. ನಿಮ್ಮ ಕಡೆ ನೌಕಾಪಡೆಯವರ ಓಡಾಟ ಹೆಚ್ಚು. ಕಾರವಾರದ ಕದಂಬ ನೌಕಾನೆಲೆಯ ಯಾರಾದರೂ ಶಾಲೆಗೆ ಬಂದು ಓದಿದರೆ ಒಂದೇ ನೋಟಕ್ಕೆ ತಪ್ಪು ಹಿಡಿಯುತ್ತಾರೆ, ಆಗ ನಿಜವಾದ ಸಾಧನೆಯ ಮೇಲೂ ಅನುಮಾನ ಮೂಡುತ್ತದೆ. ಯಾವ ಹಡಗು, ಯಾವ ವರ್ಷ ಎಂಬ ವಿವರ ಬೇಕಿದ್ದರೆ ಅತ್ತೆಯವರ ಸಹಿಯಲ್ಲೇ ಪತ್ರ ಹೋಗಲಿ, ಪತ್ನಿಯ ಮನವಿಗೆ ತೂಕ ಹೆಚ್ಚು. ಪಿಂಚಣಿ ಆದೇಶದಲ್ಲಿ ಮಾವನವರ ವೈಯಕ್ತಿಕ ಸಂಖ್ಯೆ ಇರುತ್ತದೆ, ಅದನ್ನು ತಪ್ಪದೆ ಬರೆಯಿರಿ. ದೆಹಲಿಯ ನೌಕಾ ಪ್ರಧಾನ ಕಚೇರಿಗೆ ಕಳುಹಿಸಿ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮೂಲಕ ಒಂದು ಪ್ರತಿ ಹೋಗಲಿ. ಸೇವೆಯ ವಿವರ ಸಿಗಬಹುದು. ಗೌಪ್ಯ ವರದಿಗಳನ್ನು ಕೇಳಬೇಡಿ, ಕೊಡುವುದಿಲ್ಲ. ಉತ್ತರ ತಡವಾದರೆ ಫಲಕ ನಿಲ್ಲಿಸಬೇಕಾಗಿಲ್ಲ, ಹಡಗಿನ ಹೆಸರಿಗೆ ಕೆಳಗೆ ಒಂದು ಸಾಲಿನ ಜಾಗ ಬಿಟ್ಟು ಕೆತ್ತಿಸಿ.

ಇನ್ನು ಮಗಳು. ಪಿಯುಸಿ ವಿಜ್ಞಾನದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇದ್ದರೆ ಎರಡು ಬಾಗಿಲುಗಳು ಈಗಲೇ ತೆರೆದಿವೆ. ಒಂದು, ಮಾವ ಹೋದ ಖಡಕ್‌ವಾಸ್ಲಾ. 2022ರಿಂದ ಅಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶವಿದೆ, ಯುಪಿಎಸ್‌ಸಿ ಪರೀಕ್ಷೆ ಬರೆಯಬೇಕು. ಇನ್ನೊಂದು, ಜೆಇಇ ಮೇನ್ ಶ್ರೇಯಾಂಕದ ಮೇಲೆ ಏಳಿಮಲೆಯ ನೌಕಾ ಅಕಾಡೆಮಿಯಲ್ಲಿ ನಾಲ್ಕು ವರ್ಷದ ಬಿ.ಟೆಕ್. ಏಳಿಮಲೆ ದೂರವೇನಿಲ್ಲ, ಕಾಸರಗೋಡು ದಾಟಿ ಕಣ್ಣೂರಿನ ದಾರಿಯಲ್ಲಿದೆ. ಓದಿನ ಖರ್ಚು ನೌಕಾಪಡೆಯದು, ಮುಗಿದ ಮೇಲೆ ಕಾಯಂ ಹುದ್ದೆ. ಎರಡರಲ್ಲೂ ಹುಡುಗಿಯರಿಗೆ ಸೀಟು ಬಹಳ ಕಡಿಮೆ, ಪೈಪೋಟಿ ತೀವ್ರ. ಪದವಿಯ ನಂತರದ ಅಲ್ಪಾವಧಿ ಸೇವೆ ಮೂರನೆಯ ದಾರಿ. ಅದರಲ್ಲಿ ಹೆಚ್ಚೆಂದರೆ 14 ವರ್ಷ, ಕಾಯಂ ಆಗುವುದು ಖಾತ್ರಿಯಿಲ್ಲ. ಪಿಂಚಣಿಗೆ 20 ವರ್ಷ ಬೇಕಾದ್ದರಿಂದ ಮೂವತ್ತೈದರ ಆಸುಪಾಸಿನಲ್ಲಿ ಹೊಸ ಉದ್ಯೋಗ ಹುಡುಕುವ ತಯಾರಿ ಇರಬೇಕು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನೌಕಾಪಡೆಯ ಮಹಿಳೆಯರಿಗೂ ಕಾಯಂ ಹುದ್ದೆಯ ಹಕ್ಕನ್ನು ಎತ್ತಿಹಿಡಿದ ಮೇಲೆ ಪರಿಸ್ಥಿತಿ ಸುಧಾರಿಸಿದೆ. ನನ್ನನ್ನು ಕೇಳಿದರೆ ಮೊದಲ ಎರಡನ್ನೂ ಈಗಲೇ ಪ್ರಯತ್ನಿಸಲಿ, ಜೊತೆಗೆ ಸಾಮಾನ್ಯ ಎಂಜಿನಿಯರಿಂಗ್ ಸೀಟಿನ ಅರ್ಜಿಯೂ ಇರಲಿ.

ಅವಳು ಎಲ್ಲಿ ನಿಲ್ಲುತ್ತಾಳೆ ಎಂದು ಈಗಲೇ ಲೆಕ್ಕ ಹಾಕಬೇಡಿ. ಕಮಾಂಡರ್ ಆಗಿ ನಿವೃತ್ತಳಾದರೆ ಅದು ಸೋಲು ಎಂಬ ಮಾತು ಮನೆಯಲ್ಲಿ ಅವಳ ಕಿವಿಗೆ ಬೀಳದಿರಲಿ. ಅದಕ್ಕಿಂತ ತುರ್ತಾದದ್ದು ಕಣ್ಣು. ಐದು ದಿನದ ಎಸ್‌ಎಸ್‌ಬಿ (ಸೇನಾ ಆಯ್ಕೆ ಮಂಡಳಿ) ಸಂದರ್ಶನ ಗೆದ್ದು, ವೈದ್ಯಕೀಯ ಪರೀಕ್ಷೆಯಲ್ಲಿ ದೃಷ್ಟಿಯ ಕಾರಣಕ್ಕೆ ಹಿಂದಿರುಗಿದ ಮಕ್ಕಳ ಮುಖ ನನಗೆ ಇನ್ನೂ ನೆನಪಿದೆ. ಕಾರ್ಯನಿರ್ವಾಹಕ ಶಾಖೆಗೆ ದೃಷ್ಟಿಯ ಮಾನದಂಡ ಬಿಗಿ, ಬಣ್ಣ ಗುರುತಿಸುವ ಶಕ್ತಿಯೂ ಸರಿಯಿರಬೇಕು. ಅರ್ಜಿ ಹಾಕುವ ಮೊದಲು ಒಬ್ಬ ನೇತ್ರತಜ್ಞರ ಬಳಿ ಎರಡನ್ನೂ ಪರೀಕ್ಷೆ ಮಾಡಿಸಿ, ಅಧಿಸೂಚನೆಯಲ್ಲಿರುವ ಮಾನದಂಡದ ಪುಟವನ್ನು ಅವರ ಕೈಗೇ ಕೊಡಿ. ಕನ್ನಡಕವಿದ್ದರೆ ಯಾವ ಶಾಖೆಗೆ ಅರ್ಹಳು ಎಂಬುದು ಅಲ್ಲೇ ಗೊತ್ತಾಗುತ್ತದೆ, ಅದರ ಮೇಲೆ ಅರ್ಜಿಯಲ್ಲಿ ಆದ್ಯತೆ ತುಂಬಬಹುದು.